ಜೆಸಿಬಿ ಹಲ್ಲಿಗೆ ಸಿಕ್ಕ ಹಲ್ಲು

ದಾವಣಗೆರೆಯಿಂದ ಹರಿಹರದವರೆಗೆ ನಮ್ಮ ಕಾಲಡಿಯ ಬಂಡೆಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದರಲ್ಲಿ ಕೋತಿ ಮೂಳೆ ಹುಡುಕಿದ್ರೆ ಸಿಗಲ್ಲ ಬಿಡಿ. ಆ ಬಂಡೆ ಹುಟ್ಟಿದಾಗ ಪ್ರಾಣಿಗಳೇ ಇರಲಿಲ್ಲ.

ಆದ್ರೆ ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಗಣಿಯಲ್ಲಿ ಸಿಕ್ತು: ಸುಮಾರು 5.4 ಕೋಟಿ ವರ್ಷ ಹಿಂದಿನ ಪ್ರೈಮೇಟ್‌ನ ದವಡೆ, ಹಲ್ಲು. 2007ರಲ್ಲಿ 'ಏಷಿಯಾಡಾಪಿಸ್' ಅಂತ ಹೆಸರಿಟ್ಟರು. ಅಲ್ಲಿ ಅಗೆದದ್ದು ಲಿಗ್ನೈಟ್‌ಗಾಗಿ. ಯಾರೋ ಆ ಮಣ್ಣನ್ನು ತೊಳೆದು ಜರಡಿ ಹಿಡಿದಿದ್ದಕ್ಕೆ ಕೆಲವೇ ಮಿಲಿಮೀಟರಿನ ಹಲ್ಲುಗಳು ಉಳಿದವು. ಇಲ್ಲದಿದ್ರೆ ಟಿಪ್ಪರ್ ತುಂಬಿ ಹೋಗ್ತಿತ್ತು, ಅಷ್ಟೇ.

ನಾಳೆ ಯಾವುದೋ ಊರಿನ ಸೈಟಲ್ಲಿ ನಿಲ್ಲೋರು ನಾವೇ. ಮಣ್ಣಿನ ವರದಿಯಲ್ಲಿ ಬೇರಿಂಗ್ ಕೆಪಾಸಿಟಿಗೆ ಕಾಲಂ ಇದೆ. 'ಮೂಳೆ ಕಂಡರೆ ಕೆಲಸ ನಿಲ್ಲಿಸಿ, ತಿಳಿದವರನ್ನು ಕರೆಸಿ' ಅನ್ನೋದಕ್ಕೂ ಒಂದು ಸಾಲು ಬೇಕು. ಜಿಯಾಲಜಿ ಪೇಪರನ್ನು ಬರೀ ಪಾಸಾಗೋಕೆ ಓದಬೇಡಿ, ಗೆಳೆಯರೇ.