ಗರಡಿಯ ಊರಿಗೆ ಬೇಕಾದ ಗುರು: ಜಿಮ್ನಾಸ್ಟಿಕ್ಸ್ ತರಬೇತುದಾರನ ವೃತ್ತಿ ಕಲಿಸುವ ಪಾಠ

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತದ್ದು 2025ರ ನವೆಂಬರ್‌ನಲ್ಲಿ. 2036ರ ಒಲಿಂಪಿಕ್ಸ್ ಮೇಲೂ ಭಾರತದ ಕಣ್ಣಿದೆ. ಇಂಥ ಸಂದರ್ಭಗಳಲ್ಲಿ ಜಿಲ್ಲೆಗೊಂದು ಒಳಾಂಗಣ ಕ್ರೀಡಾಂಗಣ, ತಾಲ್ಲೂಕಿಗೊಂದು ವ್ಯಾಯಾಮ ಶಾಲೆ ಎಂಬ ಬೇಡಿಕೆಗಳು ಸಹಜವಾಗಿಯೇ ಮೇಲೇಳುತ್ತವೆ. ಕಟ್ಟಡದ ಶಂಕುಸ್ಥಾಪನೆಗೆ ಫಲಕವುಂಟು, ಉದ್ಘಾಟನೆಗೆ ವೇದಿಕೆಯುಂಟು. ಆದರೆ ಆ ಕಟ್ಟಡದೊಳಗೆ ಇಪ್ಪತ್ತು ಮೂವತ್ತು ವರ್ಷ ನಿಂತು ಮಕ್ಕಳಿಗೆ ಕಲಿಸಬೇಕಾದ ತರಬೇತುದಾರನ ಹುದ್ದೆಯ ಬಗ್ಗೆ ಚರ್ಚೆ ನಡೆಯುವುದು ಅಪರೂಪ.

ಈ ಪ್ರಶ್ನೆಯನ್ನು ದಾವಣಗೆರೆ ಮತ್ತು ಹರಿಹರದಿಂದ ನೋಡುವುದಕ್ಕೆ ಕಾರಣವಿದೆ. ಅಂಗಸಾಧನೆ ಈ ಅವಳಿ ಊರುಗಳಿಗೆ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ ನಾಡಿನ ಪೈಲ್ವಾನರನ್ನೆಲ್ಲ ಕರೆಯುತ್ತದೆ. ದಾವಣಗೆರೆಯ ಕ್ರೀಡಾನಿಲಯ ಕುಸ್ತಿಗೆ ಹೆಸರಾದದ್ದು. ತುಂಗಭದ್ರೆಯ ದಡದ ಹರಿಹರದಲ್ಲಿ ಗರಡಿಮನೆಗಳ ಪರಂಪರೆಯಿದೆ. ವಿದ್ಯಾರ್ಥಿಗಳ ಕೊರತೆಯೂ ಇಲ್ಲ. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆ, 1951ರಷ್ಟು ಹಿಂದಿನ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯ, ಇವೆಲ್ಲ ಸೇರಿ ದಾವಣಗೆರೆಯನ್ನು ಜವಳಿಯ ಊರಿನಿಂದ ವಿದ್ಯೆಯ ಊರನ್ನಾಗಿ ಮಾಡಿವೆ. ಕಸುವಿನ ಪರಂಪರೆಯೂ ಕಾಲೇಜುಗಳೂ ಒಂದೇ ಕಡೆ ಇರುವ ಇಂಥ ಊರಿನಲ್ಲಿ ಕಾಲೇಜು ಮಟ್ಟದ ಜಿಮ್ನಾಸ್ಟಿಕ್ಸ್ ಏಕೆ ಬೇರೂರಲಿಲ್ಲ?

ಉತ್ತರಕ್ಕಾಗಿ ಮೊದಲು ಈ ಕ್ರೀಡೆಯ ಸ್ವಭಾವವನ್ನು ಗಮನಿಸಬೇಕು. ಪುರುಷರ ಜಿಮ್ನಾಸ್ಟಿಕ್ಸ್‌ನಲ್ಲಿ ಆರು ವಿಭಾಗಗಳಿವೆ: ನೆಲದ ಕಸರತ್ತು, ಪಾಮೆಲ್ ಹಾರ್ಸ್, ರಿಂಗ್ಸ್, ವಾಲ್ಟ್, ಸಮಾನಾಂತರ ಸರಳು ಮತ್ತು ಅಡ್ಡ ಸರಳು. ಮಗು ಆರೇಳು ವರ್ಷಕ್ಕೆ ಕಲಿಕೆ ಆರಂಭಿಸಿದರೂ ರಿಂಗ್ಸ್ ಮೇಲೆ ತೋಳುಗಳನ್ನು ಅಡ್ಡಕ್ಕೆ ಚಾಚಿ ನಿಶ್ಚಲವಾಗಿ ನಿಲ್ಲುವಂಥ ಬಲ ಬರುವುದು ಹದಿಹರೆಯ ಕಳೆದ ಮೇಲೆ. ಹೀಗಾಗಿ ಹುಡುಗರು ಪಕ್ವವಾಗುವ ಕಾಲವೂ ಕಾಲೇಜಿನ ಕಾಲವೂ ಒಂದೇ ಆಗಿವೆ. ಆ ನಾಲ್ಕೈದು ವರ್ಷ ಅಭ್ಯಾಸ ತಪ್ಪಿದರೆ ಹಿಂದಿನ ಹತ್ತು ವರ್ಷಗಳ ಶ್ರಮವೂ ವ್ಯರ್ಥ. ನಮ್ಮಲ್ಲಿ ಬಹುತೇಕ ಹುಡುಗರು ಆಟ ಬಿಡುವುದು ದ್ವಿತೀಯ ಪಿಯುಸಿಯ ಹೊಸ್ತಿಲಲ್ಲಿ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು.

ಮೂವತ್ತೇಳು ವರ್ಷದ ಒಂದು ನೌಕರಿ

ಕಾಲೇಜು ಜಿಮ್ನಾಸ್ಟಿಕ್ಸ್ ತರಬೇತಿ ಎಂಬುದು ಪೂರ್ಣ ಪ್ರಮಾಣದ ವೃತ್ತಿಯಾಗಿ ಬೆಳೆದದ್ದು ಅಮೆರಿಕದಲ್ಲಿ. ಆ ವೃತ್ತಿಯ ಮಾದರಿಯಾಗಿ ಪರಿಗಣಿತರಾದವರು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೀನ್ ವೆಟ್‌ಸ್ಟೋನ್. ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ವತಃ ಜಿಮ್ನಾಸ್ಟ್ ಆಗಿದ್ದ ಅವರು 1939ರ ಸುಮಾರಿಗೆ ಪೆನ್ ಸ್ಟೇಟ್ ಸೇರಿ 1976ರವರೆಗೆ ಅಲ್ಲಿಯೇ ಇದ್ದರು. ಅವರ ತಂಡ ಒಂಬತ್ತು ಬಾರಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು. 1948 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಅವರು ಅಮೆರಿಕ ತಂಡದ ತರಬೇತುದಾರರಾಗಿದ್ದರು. 2013ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ.

ಈ ಯಶಸ್ಸಿನಲ್ಲಿ ಒಂದು ಅಂಶ ಮುಖ್ಯವಾದದ್ದು. ವೆಟ್‌ಸ್ಟೋನ್ ಅವರಿಗೆ ಮೊದಲ ರಾಷ್ಟ್ರೀಯ ತಂಡ ಪ್ರಶಸ್ತಿ ದೊರೆತದ್ದು 1948ರಲ್ಲಿ. ನಡುವೆ ಮಹಾಯುದ್ಧ ಬಂದು ಸ್ಪರ್ಧೆಗಳೇ ನಿಂತಿದ್ದವು ಎಂಬುದು ನಿಜ. ಆದರೂ ಸುಮಾರು ಒಂಬತ್ತು ವರ್ಷ ದೊಡ್ಡ ಫಲ ಕಾಣದ ತರಬೇತುದಾರನನ್ನು ಆ ಸಂಸ್ಥೆ ಉಳಿಸಿಕೊಂಡಿತು. ನಮ್ಮ ಗುತ್ತಿಗೆ ಪದ್ಧತಿಯಲ್ಲಿ ಇದ್ದಿದ್ದರೆ ಅವರ ಸೇವೆ ಅಷ್ಟರೊಳಗೆ ಒಂಬತ್ತು ಬಾರಿ ನವೀಕರಣಕ್ಕೆ ಕಾಯಬೇಕಾಗುತ್ತಿತ್ತು.

ವೆಟ್‌ಸ್ಟೋನ್ ನಂತರದವರದೂ ಇದೇ ಕಥೆ. ನೆಬ್ರಾಸ್ಕಾದ ಫ್ರಾನ್ಸಿಸ್ ಅಲೆನ್ ನಾಲ್ಕು ದಶಕ ಒಂದೇ ಹುದ್ದೆಯಲ್ಲಿದ್ದು ಎಂಟು ಪ್ರಶಸ್ತಿ ಗೆದ್ದರು. ಓಕ್ಲಹೋಮದ ಮಾರ್ಕ್ ವಿಲಿಯಮ್ಸ್ 2002 ಮತ್ತು 2018ರ ನಡುವೆ ಒಂಬತ್ತು ಪ್ರಶಸ್ತಿ ಗೆದ್ದು ವೆಟ್‌ಸ್ಟೋನ್ ಅವರನ್ನು ಸರಿಗಟ್ಟಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಪುರುಷರ ತಂಡದ ಹೊಣೆಯೂ ಅವರದಾಗಿತ್ತು. ಪ್ರತಿಭೆಗಿಂತ ಹೆಚ್ಚಾಗಿ ಇವರೆಲ್ಲರಿಗೂ ಸಮಾನವಾಗಿದ್ದದ್ದು ಕಾಲಾವಕಾಶ.

ಗೆದ್ದರೂ ಉಳಿಯದ ತಂಡಗಳು

ಹಾಗೆಂದು ಅಮೆರಿಕವನ್ನು ಆದರ್ಶವೆಂದು ಒಪ್ಪಿಬಿಡುವಂತಿಲ್ಲ. ಅಲ್ಲಿ ಈ ವೃತ್ತಿಯೇ ಅಳಿವಿನ ಅಂಚಿನಲ್ಲಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರು ತಂಡ ವಿಭಾಗದ ಚಿನ್ನ ಗೆದ್ದಾಗ ಆರು ಮಂದಿಯಲ್ಲಿ ಮೂವರು, ಪೀಟರ್ ವಿಡ್ಮರ್, ಮಿಚ್ ಗೇಲಾರ್ಡ್ ಮತ್ತು ಟಿಮ್ ಡಾಗೆಟ್, ಅದೇ ನಗರದ ಯುಸಿಎಲ್‌ಎ ವಿಶ್ವವಿದ್ಯಾಲಯದವರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ವಿಶ್ವವಿದ್ಯಾಲಯ ತನ್ನ ಪುರುಷರ ಜಿಮ್ನಾಸ್ಟಿಕ್ಸ್ ತಂಡವನ್ನೇ ಮುಚ್ಚಿತು. 2020ರಲ್ಲಿ ಕೊರೊನಾ ಕಾಲದ ವೆಚ್ಚ ಕಡಿತದ ನೆಪದಲ್ಲಿ ಅಯೋವಾ ಮತ್ತು ಮಿನೆಸೋಟಾ ವಿಶ್ವವಿದ್ಯಾಲಯಗಳು ಇದೇ ನಿರ್ಧಾರ ಪ್ರಕಟಿಸಿದವು. ವೆಟ್‌ಸ್ಟೋನ್ ಅವರನ್ನು ರೂಪಿಸಿದ್ದು ಇದೇ ಅಯೋವಾ.

ಈಗ ಅಲ್ಲಿ ಪುರುಷರ ಜಿಮ್ನಾಸ್ಟಿಕ್ಸ್ ತಂಡವಿರುವ ಕಾಲೇಜುಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟುವುದಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದ ಪ್ರಕಾರ ಕಾಲೇಜುಗಳು ತಮ್ಮ ಕ್ರೀಡಾ ಆದಾಯವನ್ನು ಆಟಗಾರರೊಂದಿಗೆ ನೇರವಾಗಿ ಹಂಚಿಕೊಳ್ಳಬಹುದು. ಮೊದಲ ವರ್ಷಕ್ಕೆ ನಿಗದಿಯಾದ ಮಿತಿ ಸಂಸ್ಥೆಯೊಂದಕ್ಕೆ ಸುಮಾರು 2.05 ಕೋಟಿ ಡಾಲರ್. ಈ ಹಣದ ಬಹುಭಾಗ ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನತ್ತ ಹರಿಯುವುದರಿಂದ ಆದಾಯ ತಾರದ ಕ್ರೀಡೆಗಳ ಮೇಲಿನ ಒತ್ತಡ ಹೆಚ್ಚಿದೆ.

ವಿಪರ್ಯಾಸವೆಂದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡ 2008ರ ನಂತರ ಮೊದಲ ಬಾರಿಗೆ ಕಂಚು ಗೆದ್ದಾಗ ಅದರ ಐವರೂ ಕಾಲೇಜು ವ್ಯವಸ್ಥೆಯಲ್ಲಿ ಬೆಳೆದವರಾಗಿದ್ದರು. ಸ್ಟ್ಯಾನ್‌ಫರ್ಡ್‌ನಿಂದ ಇಬ್ಬರು, ಮಿಷಿಗನ್‌ನಿಂದ ಇಬ್ಬರು. ಪಾಮೆಲ್ ಹಾರ್ಸ್‌ನಲ್ಲಿ ವೈಯಕ್ತಿಕ ಕಂಚನ್ನೂ ಗೆದ್ದ ಸ್ಟೀಫನ್ ನೆಡೊರೊಸಿಕ್ ವೆಟ್‌ಸ್ಟೋನ್ ಕಟ್ಟಿದ ಪೆನ್ ಸ್ಟೇಟ್‌ನವರು. ತರಬೇತುದಾರ ನಿರ್ಗಮಿಸಿದ ಅರ್ಧ ಶತಮಾನದ ನಂತರವೂ ಆತ ಕಟ್ಟಿದ ಅಂಗಳ ಫಲ ಕೊಡುತ್ತಿದೆ ಎಂದಾಯಿತು. ಮುಚ್ಚಿದ ಅಂಗಳಗಳು ಏನು ಕೊಡಬಹುದಿತ್ತು ಎಂಬ ಲೆಕ್ಕವನ್ನು ಯಾವ ಬಜೆಟ್ಟೂ ಹಾಕುವುದಿಲ್ಲ.

ಅಗರ್ತಲದ ಉದಾಹರಣೆ

ಅಮೆರಿಕದ ಹಣ ನಮ್ಮಲ್ಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಅಗರ್ತಲವನ್ನು ನೋಡಬಹುದು. 2011ರ ಜನಗಣತಿಯಂತೆ ಅಗರ್ತಲದ ಜನಸಂಖ್ಯೆ ಸುಮಾರು 4 ಲಕ್ಷ, ದಾವಣಗೆರೆಯದು 4.3 ಲಕ್ಷಕ್ಕೂ ಹೆಚ್ಚು. ತ್ರಿಪುರಾದ ಆ ಊರಿಗೆ ರೈಲು, ಕೈಗಾರಿಕೆ, ಕಾಲೇಜು ಯಾವುದರಲ್ಲೂ ದಾವಣಗೆರೆಯಷ್ಟು ಅನುಕೂಲ ಇರಲಿಲ್ಲ. ಆದರೆ 1960ರ ದಶಕದಲ್ಲಿ ದಲೀಪ್ ಸಿಂಗ್ ಎಂಬ ತರಬೇತುದಾರರು ಹೊರಗಿನಿಂದ ಅಲ್ಲಿಗೆ ಬಂದು ನೆಲೆನಿಂತರು. ಅವರ ಗರಡಿಯಲ್ಲಿ ಪಳಗಿದ ಮಂಟು ದೇಬನಾಥ್ 1970ರ ದಶಕದಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮತ್ತೊಬ್ಬ ಶಿಷ್ಯ ಬಿಶ್ವೇಶ್ವರ ನಂದಿ ತಾವೇ ತರಬೇತುದಾರರಾದರು.

ನಂದಿಯವರ ಬಳಿ ಬೆಳೆದ ದೀಪಾ ಕರ್ಮಾಕರ್ ಆರನೆಯ ವಯಸ್ಸಿನಲ್ಲಿ ಕಲಿಕೆ ಆರಂಭಿಸಿದಾಗ ಆಕೆಗೆ ಚಪ್ಪಟೆ ಪಾದದ ತೊಂದರೆಯಿತ್ತು. ಸಲಕರಣೆಗಳೂ ಹೇಳಿಕೊಳ್ಳುವಂತಿರಲಿಲ್ಲ. ಅದೇ ದೀಪಾ 2016ರ ಆಗಸ್ಟ್ 14ರಂದು ರಿಯೋದ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ 0.150. ನಂದಿಯವರಿಗೆ ಆ ವರ್ಷ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2024ರಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದು ಅದೇ ಅಕ್ಟೋಬರ್‌ನಲ್ಲಿ ದೀಪಾ ನಿವೃತ್ತರಾದರು. ಒಬ್ಬ ತರಬೇತುದಾರ ಒಂದು ಸಣ್ಣ ಊರಿನಲ್ಲಿ ನೆಲೆನಿಂತದ್ದರ ಫಲ ವಿಶ್ವಮಟ್ಟದಲ್ಲಿ ಕಾಣಿಸಿಕೊಳ್ಳಲು ಸುಮಾರು ಐವತ್ತು ವರ್ಷ ಬೇಕಾಯಿತು. ಆದರೆ ಕಾಣಿಸಿಕೊಂಡಿತು.

ನೆಲೆ ತಪ್ಪಿದ ಗುರು ಊರು ಬಿಡುವುದಕ್ಕೂ ಕನ್ನಡ ನಾಡಿನಲ್ಲಿ ನಿದರ್ಶನವಿದೆ. ಇಂದು ಜಗತ್ತಿನಾದ್ಯಂತ ಹರಡಿರುವ ಆಸನಾಭ್ಯಾಸದ ಮೂಲಪುರುಷರಲ್ಲಿ ಒಬ್ಬರಾದ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಇದ್ದದ್ದೂ ಚಿತ್ರದುರ್ಗ ಜಿಲ್ಲೆಯಲ್ಲೇ. 1930ರ ದಶಕದಲ್ಲಿ ಮೈಸೂರು ಅರಮನೆ ಅವರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಅವಕಾಶ ಕೊಟ್ಟಿತು. ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್ ಅವರಂಥ ಶಿಷ್ಯರು ಸಿದ್ಧರಾದದ್ದು ಆ ದಿನಗಳಲ್ಲಿ. ರಾಜಾಶ್ರಯ ಕೊನೆಗೊಂಡ ಮೇಲೆ 1950ರ ಸುಮಾರಿಗೆ ಶಾಲೆ ಮುಚ್ಚಿತು. ಆಚಾರ್ಯರು ಮದರಾಸು ಸೇರಿದರು.

ಇಲ್ಲಿನ ಕೊರತೆ ಏನು?

ದಾವಣಗೆರೆ–ಹರಿಹರದಲ್ಲೂ ಆಶ್ರಯ ಕೊಡುತ್ತಿದ್ದ ಕೈಗಳು ಒಂದೊಂದಾಗಿ ಸರಿದಿವೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳು ಮುಚ್ಚಿದವು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶತಮಾನದ ತಿರುವಿನಲ್ಲಿ ಬಾಗಿಲು ಹಾಕಿತು. ದೊಡ್ಡ ಕಾರ್ಖಾನೆ ಇದ್ದಲ್ಲಿ ಹಗಲು ಕೆಲಸ ಮಾಡಿ ಸಂಜೆ ಸಾಮು ತೆಗೆಯುವ ಯುವಕರಿರುತ್ತಾರೆ, ಅವರಿಗೊಂದು ಸಂಬಳವೂ ಇರುತ್ತದೆ. ಆ ಜಾಗವನ್ನು ಈಗ ತುಂಬಬಹುದಾದ ಸಂಸ್ಥೆಗಳೆಂದರೆ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯ.

ಆದರೆ ಕಾಲೇಜಿನ ಚೌಕಟ್ಟಿನಲ್ಲಿ ಇರುವ ಹುದ್ದೆ ದೈಹಿಕ ಶಿಕ್ಷಣ ನಿರ್ದೇಶಕರದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮದಂತೆ ಅದು ಸಹಾಯಕ ಪ್ರಾಧ್ಯಾಪಕರಿಗೆ ಸಮಾನವಾದ ವೇತನದ ಗೌರವದ ಹುದ್ದೆಯೇ. ಆದರೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲಕ್ಕೂ ಅವರೊಬ್ಬರೇ ಹೊಣೆ. ತಂಡಗಳನ್ನು ಆಯ್ದು ಅಂತರ ಕಾಲೇಜು ಕೂಟಗಳಿಗೆ ಕಳಿಸುವುದು, ಪ್ರಮಾಣಪತ್ರಗಳ ವ್ಯವಹಾರ, ವಾರ್ಷಿಕ ಕ್ರೀಡಾಕೂಟ, ಇವುಗಳಲ್ಲೇ ಅವರ ವರ್ಷ ಕಳೆಯುತ್ತದೆ. ಒಂದೇ ಕ್ರೀಡೆಯನ್ನು ಹತ್ತು ವರ್ಷ ಹಿಡಿದು ಕಲಿಸುವ ಅವಕಾಶ ಆ ಹುದ್ದೆಯ ರಚನೆಯಲ್ಲಿಯೇ ಇಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ತರಬೇತುದಾರರನ್ನು ಸಿದ್ಧಪಡಿಸುತ್ತಿದೆ. ಅಲ್ಲಿ ಡಿಪ್ಲೊಮಾ ಪಡೆದವರನ್ನು ಕಾಲೇಜು ಶಿಕ್ಷಣ ವ್ಯವಸ್ಥೆ ತನ್ನ ಕಾಯಂ ಬೋಧಕರೆಂದು ಕಾಣುವುದಿಲ್ಲ.

ಜಿಮ್ನಾಸ್ಟಿಕ್ಸ್‌ನಲ್ಲಿ ಇದು ಪದಕದ ಪ್ರಶ್ನೆ ಮಾತ್ರವಲ್ಲ, ಸುರಕ್ಷತೆಯದೂ ಹೌದು. ಅಡ್ಡ ಸರಳಿನಿಂದ ಕೈ ಜಾರುವ ಹುಡುಗನನ್ನು ಹಿಡಿಯಲು ಅವನ ದೇಹದ ಗತಿಯನ್ನು ವರ್ಷಗಟ್ಟಲೆ ಕಂಡ ಕಣ್ಣು ಬೇಕು. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಬದಲಾಗುವ ತರಬೇತುದಾರರಿಗೆ ಅದು ಎಲ್ಲಿಂದ ಬರಬೇಕು? ಕುತ್ತಿಗೆಗೆ ಬೀಳುವ ಒಂದೇ ಪೆಟ್ಟು ಬದುಕನ್ನೇ ಬದಲಿಸಬಲ್ಲ ಈ ಕ್ರೀಡೆಯಲ್ಲಿ ತರಬೇತುದಾರನಿಲ್ಲದ ಸಲಕರಣೆಗಿಂತ ಸಲಕರಣೆಯೇ ಇಲ್ಲದಿರುವುದು ಲೇಸು.

ದೀರ್ಘ ಅಧಿಕಾರಾವಧಿಗೆ ಇನ್ನೊಂದು ಮುಖವಿದೆ ಎಂಬುದನ್ನೂ ಮರೆಯಬಾರದು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ನೂರಾರು ಬಾಲಕಿಯರು ಮತ್ತು ಯುವತಿಯರ ಮೇಲೆ ದೌರ್ಜನ್ಯ ಎಸಗಿದ್ದು ಸಾಬೀತಾಗಿ 2018ರಲ್ಲಿ ಶಿಕ್ಷೆಗೊಳಗಾದ. ವರ್ಷಗಟ್ಟಲೆ ಸಂಸ್ಥೆಗಳು ದೂರುಗಳಿಗೆ ಕಿವಿಗೊಡಲಿಲ್ಲ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಸ್ತಿಪಟುಗಳು ನಡೆಸಿದ ಧರಣಿ ನಮ್ಮಲ್ಲೂ ಅದೇ ಪ್ರಶ್ನೆಯನ್ನು ಎತ್ತಿತು. ಆದ್ದರಿಂದ ತರಬೇತುದಾರನಿಗೆ ಕಾಯಂ ಹುದ್ದೆ ಕೊಡುವ ಸಂಸ್ಥೆಯೇ ಮಕ್ಕಳ ದೂರು ಕೇಳುವ ಸ್ವತಂತ್ರ ವ್ಯವಸ್ಥೆಯನ್ನೂ ಇಡಬೇಕು. ಇವೆರಡೂ ಬೇರೆ ಬೇರೆ ಬೇಡಿಕೆಗಳಲ್ಲ.

ಕಾರ್ಯಸಾಧ್ಯವಾದದ್ದು

ಪ್ರತಿ ಕಾಲೇಜಿಗೂ ಜಿಮ್ನಾಸ್ಟಿಕ್ಸ್ ತರಬೇತುದಾರ ಎಂಬುದು ಆಗದ ಮಾತು. ಆದರೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಒಂದು ಕಾಯಂ ಹುದ್ದೆ, ದಾವಣಗೆರೆ ಹಾಗೂ ಹರಿಹರದ ಶಾಲಾಕಾಲೇಜುಗಳು ಸೇರಿ ಬಳಸುವ ಒಂದು ಅಂಗಳ, ಸಂಜೆಯ ನಿಗದಿತ ಅವಧಿ, ಇಷ್ಟು ಅಸಾಧ್ಯವಲ್ಲ. ಎರಡು ಊರುಗಳ ನಡುವೆ ಇರುವುದು ಹದಿನೈದು ಕಿಲೋಮೀಟರಿನಷ್ಟು ದಾರಿ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೂ ಸ್ಥಾನ ದೊರೆತಿತ್ತು. ಗರಡಿಯ ಹುಡುಗ ಮಲ್ಲಕಂಬದಿಂದ ಸರಳಿನ ಕಡೆಗೆ ಬರುವುದಕ್ಕೆ ಇಂಥ ಮೆಟ್ಟಿಲುಗಳೂ ನೆರವಾಗಬಲ್ಲವು.

ಕುಸ್ತಿಯ ಊರಿಗೆ ಜಿಮ್ನಾಸ್ಟಿಕ್ಸ್ ಏಕೆ, ಇರುವ ಕುಸ್ತಿಯನ್ನೇ ಬಲಪಡಿಸಬಾರದೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೂ ಉತ್ತರ ಇದೇ. ಕುಸ್ತಿಯೇ ಆಗಲಿ, ಕಾಲೇಜಿನ ವಯಸ್ಸಿನ ಹುಡುಗನನ್ನು ಅಖಾಡದಲ್ಲಿ ಉಳಿಸುವುದು ಕಾಯಂ ಆಗಿ ನಿಂತ ಉಸ್ತಾದನೇ. ಯಾವ ಕ್ರೀಡೆ ಎಂಬುದನ್ನು ಊರು ಆರಿಸಿಕೊಳ್ಳಲಿ. ಆರಿಸಿಕೊಂಡ ಮೇಲೆ ಕಲಿಸುವವನಿಗೆ ಹತ್ತು ವರ್ಷದ ಭರವಸೆ ಕೊಡಬೇಕು.

2030ಕ್ಕೆ ಉಳಿದಿರುವ ಅವಧಿಯಲ್ಲಿ ಯಾವ ಹೊಸ ಹುದ್ದೆಯೂ ಪದಕ ತರಲಾರದು. ಇಂದು ಆರು ವರ್ಷದ ಮಗು ಕಾಲೇಜು ಮುಗಿಸುವುದು 2040ರ ದಶಕದಲ್ಲಿ. ಅಷ್ಟು ದೂರದ ಫಲಕ್ಕೆ ಈ ವರ್ಷದ ಆಯವ್ಯಯದಲ್ಲಿ ಒಂದು ಸಂಬಳ ತೆಗೆದಿಡಲು ಸಿದ್ಧವೇ ಎಂಬುದನ್ನು ದಾವಣಗೆರೆಯ ವಿದ್ಯಾಸಂಸ್ಥೆಗಳೂ ಸರ್ಕಾರವೂ ನಿರ್ಧರಿಸಬೇಕಾಗಿದೆ.