ದಡಾರ ರೋಗ ಮತ್ತು ದೇಹದ ರೋಗನಿರೋಧಕ ನೆನಪು: ಇತ್ತೀಚಿನ ಸಂಶೋಧನೆಗಳ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ದಡಾರ ಮತ್ತು ರುಬೆಲ್ಲಾ ರೋಗಗಳನ್ನು ದೇಶದಿಂದ ನಿರ್ಮೂಲನೆಗೊಳಿಸುವ ರಾಷ್ಟ್ರೀಯ ಅಭಿಯಾನಕ್ಕೆ ಕೇಂದ್ರ ಸರ್ಕಾರವು 2025ರ ಏಪ್ರಿಲ್ ತಿಂಗಳಿನಲ್ಲಿ ಚಾಲನೆ ನೀಡಿ, 2026ನೇ ವರ್ಷವನ್ನು ಗುರಿಯಾಗಿ ನಿಗದಿಪಡಿಸಿತು. ಇದಕ್ಕೂ ಮೊದಲು 2020 ಮತ್ತು ನಂತರ 2023ನೇ ವರ್ಷಗಳನ್ನು ಗುರಿಯಾಗಿ ಇರಿಸಿಕೊಳ್ಳಲಾಗಿತ್ತಾದರೂ ಅವು ಈಡೇರಿರಲಿಲ್ಲ. ರೋಗವನ್ನು ಒಮ್ಮೆ ಹೊರಗಟ್ಟಿದ ದೇಶಗಳಲ್ಲಿಯೂ ಅದು ಮರಳಿ ಕಾಣಿಸಿಕೊಂಡಿದೆ. ಅಮೆರಿಕ ಸಂಯುಕ್ತ ಸಂಸ್ಥಾನವು 2000ನೇ ಇಸವಿಯಲ್ಲಿಯೇ ದಡಾರ ಮುಕ್ತವೆಂದು ಘೋಷಿತವಾಗಿದ್ದರೂ, 2025ರಲ್ಲಿ ಅಲ್ಲಿನ ಟೆಕ್ಸಾಸ್ ರಾಜ್ಯದಲ್ಲಿ 700ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿ, ಲಸಿಕೆ ಪಡೆಯದ ಇಬ್ಬರು ಮಕ್ಕಳು ಮೃತಪಟ್ಟರು. 1998ರಲ್ಲಿ ಈ ಮಾನ್ಯತೆ ಪಡೆದಿದ್ದ ಕೆನಡಾ, 2025ರ ನವೆಂಬರ್ ತಿಂಗಳಿನಲ್ಲಿ ಅದನ್ನು ಕಳೆದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ನೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 1.03 ಕೋಟಿ ಜನರಿಗೆ ದಡಾರ ತಗುಲಿದ್ದು, ಸುಮಾರು 1,07,500 ಮಂದಿ, ಬಹುಪಾಲು ಐದು ವರ್ಷದೊಳಗಿನ ಮಕ್ಕಳು, ಮರಣ ಹೊಂದಿದರು.

ಇಷ್ಟಾದರೂ ದಡಾರವು ಬಾಲ್ಯದಲ್ಲಿ ಬಂದು ಹೋಗುವ ಸಾಮಾನ್ಯ ಕಾಯಿಲೆ, ಒಮ್ಮೆ ಬಂದರೆ ಮಗು ಗಟ್ಟಿಯಾಗುತ್ತದೆ ಎಂಬ ಭಾವನೆ ಅನೇಕರಲ್ಲಿ ಉಳಿದಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಅದು ಇಷ್ಟು ಕಾಲ ಬಾಳಿದೆ. ಒಮ್ಮೆ ದಡಾರ ಬಂದವರಿಗೆ ಅದು ಮತ್ತೆ ಬರುವುದು ತೀರಾ ಅಪರೂಪ. ಆದರೆ ದಡಾರದಿಂದ ಚೇತರಿಸಿಕೊಂಡ ಮಗುವು ಉಳಿದ ರೋಗಗಳ ಎದುರು ಮೊದಲಿಗಿಂತ ದುರ್ಬಲವಾಗಿರುತ್ತದೆ ಎಂಬುದನ್ನು ಕಳೆದ ಎರಡೂವರೆ ದಶಕಗಳ ಸಂಶೋಧನೆಗಳು ಸ್ಪಷ್ಟಪಡಿಸಿವೆ.

ಹಳೆಯ ಸುಳಿವು, ಹೊಸ ಉತ್ತರ

ಈ ವಿಷಯದ ಮೊದಲ ಸುಳಿವು ದೊರೆತಿದ್ದು 1908ರಲ್ಲಿ. ಕ್ಷಯರೋಗದ ಸೋಂಕನ್ನು ಪತ್ತೆ ಹಚ್ಚಲು ಚರ್ಮದ ಮೇಲೆ ನಡೆಸುವ ಟ್ಯೂಬರ್ಕ್ಯುಲಿನ್ ಪರೀಕ್ಷೆಯು, ಮೊದಲು ಧನಾತ್ಮಕವಾಗಿದ್ದ ಮಕ್ಕಳಲ್ಲಿಯೂ ದಡಾರದ ಅವಧಿಯಲ್ಲಿ ಫಲಿತಾಂಶ ತೋರುವುದಿಲ್ಲ ಎಂಬುದನ್ನು ಆಸ್ಟ್ರಿಯಾದ ಮಕ್ಕಳ ತಜ್ಞ ಕ್ಲೆಮೆನ್ಸ್ ಫಾನ್ ಪಿರ್ಕೆ ಗಮನಿಸಿದರು. ದೇಹವು ತಾನು ಹಿಂದೆ ಕಂಡಿದ್ದ ರೋಗಾಣುವನ್ನು ಗುರುತಿಸದಂತಾಗಿತ್ತು. ಕಾರಣ ತಿಳಿಯಲು ಸುಮಾರು ಒಂದು ಶತಮಾನವೇ ಬೇಕಾಯಿತು.

2000ನೇ ಇಸವಿಯಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಯೂಸುಕೆ ಯಾನಾಗಿ ಮತ್ತು ಸಹೋದ್ಯೋಗಿಗಳು ದಡಾರದ ವೈರಾಣುವು ಯಾವ ಬಾಗಿಲಿನ ಮೂಲಕ ಜೀವಕೋಶದೊಳಕ್ಕೆ ಪ್ರವೇಶಿಸುತ್ತದೆ ಎಂಬುದನ್ನು ಕಂಡುಹಿಡಿದರು. ಆ ಬಾಗಿಲು ‘ಸ್ಲ್ಯಾಮ್’ ಎಂಬ ಹೆಸರಿನ ಒಂದು ಪ್ರೋಟೀನು. ಅದು ಇರುವುದು ಚರ್ಮದಲ್ಲಲ್ಲ, ರೋಗನಿರೋಧಕ ವ್ಯವಸ್ಥೆಯ ಜೀವಕೋಶಗಳ ಮೇಲೆ. ಅರ್ಥಾತ್, ರೋಗವನ್ನು ತಡೆಯಬೇಕಾದ ಕಾವಲುಗಾರರನ್ನೇ ಈ ವೈರಾಣು ಮೊದಲು ಹಿಡಿಯುತ್ತದೆ. ಉಸಿರಿನೊಂದಿಗೆ ಒಳಸೇರಿದ ವೈರಾಣುವು ಶ್ವಾಸಕೋಶದ ರಕ್ಷಕ ಜೀವಕೋಶಗಳನ್ನು ಏರಿ, ಅವುಗಳ ಮೂಲಕವೇ ದುಗ್ಧಗ್ರಂಥಿಗಳನ್ನು ತಲುಪಿ, ಅಲ್ಲಿಂದ ದೇಹದಾದ್ಯಂತ ಹರಡುತ್ತದೆ. ಮೈಮೇಲೆ ಕೆಂಪು ಗುಳ್ಳೆಗಳು ಕಾಣಿಸಿಕೊಳ್ಳುವ ವೇಳೆಗೆ ಒಳಗಿನ ಹಾನಿ ಬಹುಮಟ್ಟಿಗೆ ಆಗಿಹೋಗಿರುತ್ತದೆ.

ಹಿಂದೆ ಬಂದ ರೋಗಗಳನ್ನು ಅಥವಾ ಪಡೆದ ಲಸಿಕೆಗಳನ್ನು ನೆನಪಿಟ್ಟುಕೊಳ್ಳುವ ವಿಶೇಷ ಬಿಳಿ ರಕ್ತಕಣಗಳು ಪ್ರತಿಯೊಬ್ಬರ ದೇಹದಲ್ಲಿಯೂ ಇರುತ್ತವೆ. ಇವುಗಳನ್ನು ಸ್ಮೃತಿಕಣಗಳೆಂದು ಕರೆಯಬಹುದು. ‘ಸ್ಲ್ಯಾಮ್’ ಪ್ರೋಟೀನು ಈ ಕಣಗಳ ಮೇಲೆ ಹೇರಳವಾಗಿರುತ್ತದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರದ ರಿಕ್ ಡಿ ಸ್ವಾರ್ಟ್ ಮತ್ತು ಅವರ ತಂಡವು ಕೋತಿಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈರಾಣುವು ಈ ಸ್ಮೃತಿಕಣಗಳನ್ನೇ ಹೆಚ್ಚಾಗಿ ಆಕ್ರಮಿಸುವುದು ಮತ್ತು ಅವು ನಾಶವಾಗುವುದು ಕಂಡುಬಂದಿತು.

ಇಲ್ಲಿ ವೈದ್ಯರನ್ನೂ ಬಹುಕಾಲ ತಬ್ಬಿಬ್ಬುಗೊಳಿಸಿದ ಸಂಗತಿಯೊಂದಿದೆ. ದಡಾರ ವಾಸಿಯಾದ ಕೆಲವೇ ದಿನಗಳಲ್ಲಿ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸಹಜ ಸ್ಥಿತಿಗೆ ಮರಳುತ್ತದೆ. ವರದಿ ಸರಿಯಾಗಿಯೇ ಇರುತ್ತದೆ, ಆದರೆ ಮಗು ಸರಿಯಾಗಿರುವುದಿಲ್ಲ. ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ಹಳೆಯ ಕಡತಗಳು ಸುಟ್ಟುಹೋಗಿ, ಆ ಕಪಾಟುಗಳಲ್ಲಿ ಒಂದೇ ಕಡತದ ನೂರಾರು ಪ್ರತಿಗಳನ್ನು ಜೋಡಿಸಿಟ್ಟರೆ, ಎಣಿಸುವವರಿಗೆ ಲೆಕ್ಕ ಸರಿಯಿರುತ್ತದೆ. ಹಳೆಯ ದಾಖಲೆ ಕೇಳಿಕೊಂಡು ಬಂದವರಿಗೆ ಮಾತ್ರ ಅದು ದೊರೆಯುವುದಿಲ್ಲ. ಹೊಸದಾಗಿ ತುಂಬಿಕೊಂಡ ಕಣಗಳಲ್ಲಿ ಹೆಚ್ಚಿನವು ದಡಾರವನ್ನಷ್ಟೇ ಬಲ್ಲವು. ದಡಾರ ಮತ್ತೆ ಬಾರದಿರುವುದಕ್ಕೂ ಬೇರೆ ರೋಗಗಳು ಮೇಲೆರಗುವುದಕ್ಕೂ ಕಾರಣ ಒಂದೇ ಆಗಿದೆ. ವಿಜ್ಞಾನಿಗಳು ಈ ಸ್ಥಿತಿಯನ್ನು ರೋಗನಿರೋಧಕ ವಿಸ್ಮೃತಿ ಎಂದು ಕರೆದಿದ್ದಾರೆ.

ಎಷ್ಟು ನಷ್ಟವಾಗುತ್ತದೆ?

ಅಮೆರಿಕದ ಸಂಶೋಧಕ ಮೈಕೆಲ್ ಮಿನಾ ಮತ್ತು ಸಹೋದ್ಯೋಗಿಗಳು ಇಂಗ್ಲೆಂಡ್ ಮತ್ತು ವೇಲ್ಸ್, ಅಮೆರಿಕ ಹಾಗೂ ಡೆನ್ಮಾರ್ಕ್‌ಗಳ ಹಲವು ದಶಕಗಳ ಮರಣ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ದಡಾರ ಹೆಚ್ಚಾದ ನಂತರ ಸುಮಾರು ಎರಡರಿಂದ ಮೂರು ವರ್ಷಗಳವರೆಗೆ ಇತರ ಸೋಂಕುಗಳಿಂದ ಮಕ್ಕಳ ಮರಣವೂ ಹೆಚ್ಚಿರುವುದು ಅದರಲ್ಲಿ ಕಂಡುಬಂದಿತು. ಅಂಕಿಅಂಶಗಳ ಹೋಲಿಕೆಯು ತಾನಾಗಿಯೇ ಪೂರ್ಣ ಪುರಾವೆಯಾಗುವುದಿಲ್ಲ. ಬಡತನ, ಅಪೌಷ್ಟಿಕತೆಯಂತಹ ಬೇರೆ ಕಾರಣಗಳೂ ಅದರೊಳಗೆ ಸೇರಿಕೊಂಡಿರಬಹುದು. ನೇರವಾದ ಪುರಾವೆ ಬಂದದ್ದು ನಾಲ್ಕು ವರ್ಷಗಳ ನಂತರ.

ನೆದರ್ಲೆಂಡ್ಸ್‌ನಲ್ಲಿ ಧಾರ್ಮಿಕ ಕಾರಣಗಳಿಗಾಗಿ ಲಸಿಕೆ ಪಡೆಯದ ಸಮುದಾಯಗಳ ನಡುವೆ 2013ರಲ್ಲಿ ದಡಾರ ಹರಡಿತು. ಸಂಶೋಧಕರು ಪೋಷಕರ ಒಪ್ಪಿಗೆ ಪಡೆದು ಮಕ್ಕಳ ರಕ್ತದ ಮಾದರಿಗಳನ್ನು ರೋಗ ತಗುಲುವ ಮೊದಲೊಮ್ಮೆ, ವಾಸಿಯಾದ ಮೇಲೊಮ್ಮೆ ಸಂಗ್ರಹಿಸಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಸ್ಟೀಫನ್ ಎಲೆಡ್ಜ್ ಅವರ ಪ್ರಯೋಗಾಲಯವು ರೂಪಿಸಿದ ‘ವೈರ್‌ಸ್ಕ್ಯಾನ್’ ಎಂಬ ವಿಧಾನದಲ್ಲಿ, ಒಂದು ಹನಿ ರಕ್ತದಿಂದ ಆ ವ್ಯಕ್ತಿಯ ದೇಹವು ಯಾವ ಯಾವ ವೈರಾಣುಗಳನ್ನು ಗುರುತಿಸಬಲ್ಲದು ಎಂಬುದನ್ನು ತಿಳಿಯಬಹುದು. ಮಿನಾ, ಎಲೆಡ್ಜ್, ಡಿ ಸ್ವಾರ್ಟ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪರೀಕ್ಷಿಸಲಾದ ಲಸಿಕೆ ಪಡೆಯದ 77 ಮಕ್ಕಳಲ್ಲಿ, ಮೊದಲಿದ್ದ ಪ್ರತಿಕಾಯಗಳ ಶೇ. 11ರಿಂದ ಶೇ. 73ರಷ್ಟು ದಡಾರದ ನಂತರ ನಷ್ಟವಾಗಿದ್ದವು. ಇವರು ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಲ್ಲ, ಉತ್ತಮ ಆಹಾರ ಮತ್ತು ವೈದ್ಯಕೀಯ ಸೌಲಭ್ಯವಿದ್ದ ದೇಶದ ಮಕ್ಕಳು ಎಂಬುದು ಗಮನಾರ್ಹ. ಕಳೆದುಹೋದ ರಕ್ಷಣೆಯನ್ನು ಇಂತಹ ಮಗುವು ಆಯಾ ರೋಗಾಣುಗಳನ್ನು ಮತ್ತೊಮ್ಮೆ ಎದುರಿಸಿಯೇ ಗಳಿಸಬೇಕಾಗುತ್ತದೆ.

ಲಸಿಕೆಯಲ್ಲಿಯೂ ಜೀವಂತ ವೈರಾಣುವೇ ಇರುವುದರಿಂದ ಅದೂ ಇಂತಹ ನಷ್ಟವನ್ನು ಉಂಟುಮಾಡುವುದೇ ಎಂಬ ಪ್ರಶ್ನೆ ಸಹಜ. ಲಸಿಕೆಯ ವೈರಾಣು ಬಹಳವಾಗಿ ದುರ್ಬಲಗೊಳಿಸಿದ್ದು, ದೇಹದಲ್ಲಿ ಅಲ್ಪ ಪ್ರಮಾಣದಲ್ಲಿ ಮಾತ್ರ ವೃದ್ಧಿಯಾಗುತ್ತದೆ. ಮೇಲ್ಕಂಡ 2019ರ ಅಧ್ಯಯನದಲ್ಲಿ ಲಸಿಕೆ ಪಡೆದ ಮಕ್ಕಳ ರಕ್ತವನ್ನೂ ಪರೀಕ್ಷಿಸಲಾಗಿದ್ದು, ಅವರಲ್ಲಿ ಇಂತಹ ನಷ್ಟ ಕಂಡುಬಂದಿಲ್ಲ. ಹೀಗಾಗಿ ದಡಾರದ ಲಸಿಕೆಯು ದಡಾರವನ್ನು ತಡೆಯುವುದರ ಜೊತೆಗೆ, ಮಗುವು ಅದುವರೆಗೆ ಗಳಿಸಿದ ಇತರ ರಕ್ಷಣೆಯನ್ನೂ ಕಾಯುತ್ತದೆ.

ರಾಜ್ಯದಲ್ಲಿ ಲಸಿಕಾ ಸೇವೆ

ದಡಾರ ಲಸಿಕೆಯು 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿದ್ದು, ಎರಡನೇ ಡೋಸ್ ನೀಡುವ ಕ್ರಮ 2010ರಲ್ಲಿ ಆರಂಭವಾಯಿತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನವನ್ನು ಮೊದಲ ಹಂತದಲ್ಲಿ ಕೈಗೊಂಡ ಪ್ರದೇಶಗಳಲ್ಲಿ ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳೊಂದಿಗೆ ಕರ್ನಾಟಕವೂ ಸೇರಿತ್ತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಆಗ ಲಸಿಕೆ ನೀಡಲಾಯಿತು.

ಅಭಿಯಾನ ಮುಗಿದ ನಂತರ ಹುಟ್ಟಿದ ಮಕ್ಕಳಿಗೆ ನಿಯತ ಲಸಿಕೆಯೇ ಆಧಾರ. ದಡಾರದ ಒಬ್ಬ ರೋಗಿಯಿಂದ ರಕ್ಷಣೆಯಿಲ್ಲದ 12ರಿಂದ 18 ಜನರಿಗೆ ಸೋಂಕು ಹರಡಬಲ್ಲದು. ರೋಗಿ ಹೊರಟುಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಗಳವರೆಗೆ ಉಳಿಯಬಲ್ಲದು. ಆದ್ದರಿಂದ ಶೇ. 95ರಷ್ಟು ಮಕ್ಕಳು ಎರಡೂ ಡೋಸ್ ಪಡೆದಿರಬೇಕಾಗುತ್ತದೆ. ಜಿಲ್ಲೆಯ ಸರಾಸರಿ ಉತ್ತಮವಾಗಿದ್ದರೂ, ಕೆಲಸ ಹುಡುಕಿಕೊಂಡು ವಲಸೆ ಬಂದ ಕುಟುಂಬಗಳಿರುವ ಒಂದು ಬಡಾವಣೆಯಲ್ಲಿ ಮಕ್ಕಳು ಲಸಿಕೆಯಿಂದ ಹೊರಗುಳಿದಿದ್ದರೆ ರೋಗಕ್ಕೆ ಅಷ್ಟೇ ಸಾಕು. 2022ರಲ್ಲಿ ಮುಂಬಯಿಯ ಗೋವಂಡಿ ಪ್ರದೇಶದಲ್ಲಿ ದಡಾರ ಉಲ್ಬಣಿಸಿದ್ದು ಇದಕ್ಕೆ ನಿದರ್ಶನ.

ಮೊದಲ ಡೋಸನ್ನು ಮಗುವಿಗೆ 9 ತಿಂಗಳು ತುಂಬಿದ ನಂತರ 12 ತಿಂಗಳೊಳಗೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಸರ್ಕಾರಿ ಆಸ್ಪತ್ರೆ ಹಾಗೂ ನಿಗದಿತ ದಿನಗಳಂದು ಅಂಗನವಾಡಿಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಪೋಷಕರು ತಾಯಿ ಕಾರ್ಡನ್ನು ತಪ್ಪದೇ ತರಬೇಕು. ಕಾರ್ಡ್ ಕಳೆದುಹೋಗಿದೆ ಅಥವಾ ಬೇರೆ ಊರಿನದ್ದು ಎಂಬ ಕಾರಣಕ್ಕೆ ಲಸಿಕೆಯನ್ನು ಮುಂದೂಡುವ ಅಗತ್ಯವಿಲ್ಲ. ನಿಗದಿತ ವಯಸ್ಸು ಮೀರಿದ್ದರೂ 5 ವರ್ಷದವರೆಗೆ ಬಾಕಿ ಡೋಸ್‌ಗಳನ್ನು ಪಡೆಯಲು ಅವಕಾಶವಿದೆ.

ಜ್ವರದೊಂದಿಗೆ ಮೈಮೇಲೆ ಗುಳ್ಳೆಗಳು ಕಾಣಿಸಿಕೊಂಡಲ್ಲಿ ಕೂಡಲೇ ಆಶಾ ಕಾರ್ಯಕರ್ತೆಗೆ ಅಥವಾ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಅಮ್ಮ ಬಂದಿದೆಯೆಂದು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಮನೆಯಲ್ಲಿ ಪ್ರತ್ಯೇಕವಾಗಿ ಇರಿಸುವ ಪದ್ಧತಿಯಿಂದ ಸೋಂಕು ಹರಡುವುದು ಕಡಿಮೆಯಾಗುವುದೇ ಹೊರತು ಬೇರೆ ತೊಂದರೆಯಿಲ್ಲ; ಪಥ್ಯದ ಹೆಸರಿನಲ್ಲಿ ಆಹಾರ ಕಡಿಮೆ ಮಾಡುವುದು ಮಾತ್ರ ಅಪಾಯಕಾರಿ. ರೋಗಪೀಡಿತ ಮಗುವಿಗೆ ಸತತ ಎರಡು ದಿನ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ವಿಟಮಿನ್ ‘ಎ’ ನೀಡಬೇಕಾಗಿರುವುದರಿಂದ ವೈದ್ಯರ ಭೇಟಿ ಅವಶ್ಯ. ದಡಾರದಿಂದ ಚೇತರಿಸಿಕೊಂಡ ಮಕ್ಕಳಿಗೆ ಇತರ ಲಸಿಕೆಗಳನ್ನು ಮರಳಿ ನೀಡುವ ಸಲಹೆಯನ್ನು ಕೆಲವು ಸಂಶೋಧಕರು ಮುಂದಿಟ್ಟಿದ್ದರೂ, ಅದು ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯ ಭಾಗವಾಗಿಲ್ಲ. ಅಂತಹ ಮಕ್ಕಳಲ್ಲಿ ಮುಂದಿನ ತಿಂಗಳುಗಳಲ್ಲಿ ಪದೇ ಪದೇ ಕೆಮ್ಮು, ಭೇದಿ ಅಥವಾ ಕಿವಿ ಸೋರುವಿಕೆ ಕಂಡುಬಂದಲ್ಲಿ, ಮಗುವಿಗೆ ಹಿಂದೆ ದಡಾರ ಬಂದಿತ್ತೆಂಬುದನ್ನು ವೈದ್ಯಾಧಿಕಾರಿಗಳ ಗಮನಕ್ಕೆ ತರಲು ಪೋಷಕರನ್ನು ಕೋರಲಾಗಿದೆ.