ಮಕ್ಕಳನ್ನು ಬಿಟ್ಟು ಡಿಸ್ನಿಲೋಕಕ್ಕೆ?

ಮಕ್ಕಳಿಲ್ಲದೆ ಡಿಸ್ನಿಯ ವಿನೋದೋದ್ಯಾನಕ್ಕೆ ಹೋಗುವುದೆಂದರೆ ಮದುಮಗನಿಲ್ಲದ ದಿಬ್ಬಣ ಹೊರಟಂತೆ ಎಂದು ನಮ್ಮಲ್ಲಿ ಅನೇಕರಿಗೆ ತೋರುವುದು ಸಹಜ. ಮಿಕ್ಕಿ ಇಲಿ, ಡೊನಾಲ್ಡ್ ಬಾತು, ಸಿಂಡರೆಲಳ ಅರಮನೆ ಇವೆಲ್ಲವೂ ಮಕ್ಕಳ ಸಾಮ್ರಾಜ್ಯಕ್ಕೆ ಸೇರಿದವು. ಅಲ್ಲಿ ಪ್ರಾಯ ಕಳೆದ ಗಂಡಹೆಂಡಿರಿಗೆ ಏನು ಕೆಲಸ? ಆದರೆ ಅಮೆರಿಕದಲ್ಲಿ ಅಂತಹ ಪ್ರವಾಸಿಗರು ವಿರಳರಲ್ಲ. ಮಕ್ಕಳನ್ನು ಅಜ್ಜಿಯ ಬಳಿಯಲ್ಲೋ ಸೋದರಿಯ ಮನೆಯಲ್ಲೋ ಬಿಟ್ಟು, ಎರಡು ಮೂರು ದಿನಗಳ ಮಟ್ಟಿಗೆ ಫ್ಲಾರಿಡಾದ ಡಿಸ್ನಿ ವರ್ಲ್ಡಿಗೋ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೋ ಹೋಗಿಬರುವ ದಂಪತಿಗಳು ಬೇಕಾದಷ್ಟು ಮಂದಿ ಉಂಟು.

ಅವರ ಮೇಲೆ ಕೋಪಗೊಳ್ಳುವವರೂ ಉಂಟು. 2019ರಲ್ಲಿ ಒಬ್ಬ ತಾಯಿ ಬರೆದುದೆಂದು ಪ್ರಚಾರವಾದ ಒಂದು ಬರಹ ಆ ದೇಶದಲ್ಲೆಲ್ಲ ಚರ್ಚೆಗೆ ಕಾರಣವಾಯಿತು. ಮಕ್ಕಳಿಲ್ಲದೆ ಬರುವ ಜೋಡಿಗಳಿಗೆ ಅಲ್ಲಿ ಪ್ರವೇಶವನ್ನೇ ಕೊಡಕೂಡದು, ಅವರಿಂದಾಗಿ ಸಾಲುಗಳು ಬೆಳೆಯುತ್ತವೆ, ಪ್ರೆಟ್ಸೆಲ್ ಎಂಬ ತಿಂಡಿಗಾಗಿ ತನ್ನ ಮಗು ಅಳುವಂತಾಯಿತು ಎಂಬುದು ಅದರ ಸಾರ. ಮಗುವಿನ ಅಳು ಯಾವ ತಾಯಿಯ ಕರುಳನ್ನೂ ಕಲಕುವುದು ನಿಜ. ಆದರೆ ಆ ಮಹಾತಾಯಿಯ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ.

ಏಕೆಂದರೆ ಅಮೆರಿಕದ ವಿನೋದೋದ್ಯಾನ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಜಾರ್ಜ್ ಟಿಲ್ಯೂ ಎಂಬಾತ 1893ರಲ್ಲಿ ತನ್ನ ನವವಧುವಿನೊಡನೆ ಷಿಕಾಗೋ ನಗರದ ವಿಶ್ವಪ್ರದರ್ಶನಕ್ಕೆ ಹೋದ. ಅಲ್ಲಿ ಆಗತಾನೆ ನಿರ್ಮಾಣವಾಗಿದ್ದ ಫೆರಿಸ್ ಚಕ್ರವನ್ನು, ಎಂದರೆ ನಮ್ಮ ಜಾತ್ರೆಗಳ ಜಯಂಟ್ ವೀಲಿನ ಮೂಲಪುರುಷನನ್ನು, ಕಂಡು ಮೋಹಗೊಂಡು ಅದನ್ನೇ ಕೊಂಡುಬಿಡಲು ಯತ್ನಿಸಿದ. ಅದು ದೊರೆಯಲಿಲ್ಲ. ಊರಿಗೆ ಮರಳಿ ಅದಕ್ಕಿಂತ ಚಿಕ್ಕದೊಂದನ್ನು ಮಾಡಿಸಿದ. ಮುಂದೆ 1897ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಅವನು ತೆರೆದ ‘ಸ್ಟೀಪಲ್‌ಚೇಸ್ ಪಾರ್ಕ್’ 1964ರ ವರೆಗೂ ನಡೆಯಿತು. ಅಲ್ಲಿನ ಮುಖ್ಯ ಆಕರ್ಷಣೆ ಕಂಬಿಗಳ ಮೇಲೆ ಓಡುವ ಯಂತ್ರದ ಕುದುರೆಗಳು. ಒಂದೊಂದು ಕುದುರೆಯ ಮೇಲೆ ಇಬ್ಬರು ಕೂಡಬಹುದಾಗಿತ್ತು. ಇಳಿಜಾರಿನಲ್ಲಿ ಅದು ರಭಸದಿಂದ ಓಡುವಾಗ ಹಿಂದಿದ್ದವರು ಮುಂದಿದ್ದವರನ್ನು ಬಿಗಿಯಾಗಿ ಹಿಡಿದುಕೊಳ್ಳದೆ ವಿಧಿಯಿರಲಿಲ್ಲ. ಇನ್ನೊಂದು ಕಡೆ ಉರುಳುವ ದೊಡ್ಡ ಪೀಪಾಯಿಯೊಳಗೆ ನಡೆದುಹೋಗುವವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ವಾರವೆಲ್ಲ ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ದುಡಿದ ತರುಣ ತರುಣಿಯರು ರಜೆಯ ದಿನ ಕೈಹಿಡಿಯಲು ಒಂದು ನೆಪ ಬೇಕಲ್ಲ! ಪೆನ್ಸಿಲ್ವೇನಿಯಾದ ಕೆನಿವುಡ್ ಉದ್ಯಾನದಲ್ಲಿ 1901ರಲ್ಲಿ ಕಟ್ಟಿದ ‘ಓಲ್ಡ್ ಮಿಲ್’ ಎಂಬ ಕತ್ತಲೆಯ ನೀರುಗಾಲುವೆಯ ದೋಣಿವಿಹಾರದ ಒಳಗುಟ್ಟೂ ಇದೇ.

ನಮ್ಮ ಜಾತ್ರೆಗಳಲ್ಲಿಯೂ ಈ ಅಂಶ ಇಲ್ಲದಿಲ್ಲ. ಆಷಾಢದಲ್ಲಿ ಅಗಲಿರಬೇಕಾದ ಹೊಸ ದಂಪತಿಗಳು ಚಾಮರಾಜನಗರದ ಚಾಮರಾಜೇಶ್ವರನ ರಥೋತ್ಸವಕ್ಕೆ ಬಂದು ಸೇರಿ, ತೇರಿಗೆ ಹಣ್ಣು ದವನ ಎಸೆಯುವುದನ್ನು ಅತ್ತೆ ಮಾವಂದಿರಾರೂ ಆಕ್ಷೇಪಿಸುವುದಿಲ್ಲ. ದೇವರ ಕಾರ್ಯವಾಯಿತು, ಪರಸ್ಪರ ದರ್ಶನವೂ ಆಯಿತು.

ಇರಲಿ, ಡಿಸ್ನಿಯ ವಿಷಯಕ್ಕೆ ಬರೋಣ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಉದ್ಯಾನಕ್ಕೆ ಕರೆದೊಯ್ದು, ಅವರು ಮರದ ಕುದುರೆಗಳ ಮೇಲೆ ಸುತ್ತುತ್ತಿರುವಾಗ ತಾನೊಬ್ಬನೇ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದನಂತೆ. ತಂದೆ ತಾಯಿಗಳೂ ಮಕ್ಕಳೂ ಕೂಡಿ ನಲಿಯುವಂತಹ ಸ್ಥಳವೊಂದು ಏಕಿರಬಾರದು ಎಂಬ ಯೋಚನೆ ಅವನಿಗೆ ಬಂದದ್ದು ಆಗ. ಆ ಉದ್ಯಾನದ ಒಂದು ಬೆಂಚನ್ನು ಡಿಸ್ನಿಲ್ಯಾಂಡಿನೊಳಗೆ ಪ್ರದರ್ಶನಕ್ಕೆ ಇಟ್ಟಿರುವರು. ಈ ಕಥೆಯನ್ನು ಕುಟುಂಬದ ಐಕಮತ್ಯಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು ಮತ್ತೊಂದು. ಮಕ್ಕಳಿಗೆ ಆಟದ ಸ್ಥಳ ಆಗಲೇ ಇತ್ತು, ಇಲ್ಲದಿದ್ದದ್ದು ದೊಡ್ಡವರಿಗೆ. ಬೆಂಚಿನ ಮೇಲೆ ಬೇಸರದಿಂದ ಕುಳಿತವನನ್ನು ಎಬ್ಬಿಸುವುದಕ್ಕಾಗಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಎರಡೇ ವರ್ಷಗಳಲ್ಲಿ, 1957ರಲ್ಲಿ, ಅಲ್ಲಿ ‘ಡೇಟ್ ನೈಟ್’ ಎಂಬ ಹೆಸರಿನಿಂದ ಜೋಡಿಗಳಿಗಾಗಿ ರಾತ್ರಿಯ ವಾದ್ಯಗೋಷ್ಠಿ, ನರ್ತನಗಳು ಆರಂಭವಾದುವು.

ಆದರೆ ಚಿಕ್ಕ ಮಕ್ಕಳೊಡನೆ ಅಲ್ಲಿಗೆ ಹೋದ ದಂಪತಿಗಳ ಪಾಡು ಏನು? ಫ್ಲಾರಿಡಾದ ‘ಸ್ಪೇಸ್ ಮೌಂಟನ್’ ಎಂಬ ಕತ್ತಲೆಯ ರೋಲರ್ ಕೋಸ್ಟರನ್ನು ಏರಬೇಕಾದರೆ 44 ಅಂಗುಲ ಎತ್ತರವಿರಬೇಕು. ಅದಕ್ಕಿಂತ ಗಿಡ್ಡನಾದ ಮಗು ಜೊತೆಗಿದ್ದರೆ ‘ರೈಡರ್ ಸ್ವಿಚ್’ ಎಂಬ ಅನುಕೂಲ ಉಂಟು. ತಂದೆ ಹೋಗಿಬರುವ ತನಕ ತಾಯಿ ಮಗುವಿನೊಡನೆ ಹೊರಗಿರುವಳು. ಆಮೇಲೆ ಆಕೆ ಮತ್ತೆ ಉದ್ದದ ಸಾಲಿನಲ್ಲಿ ಕಾಯದೆ ಒಳಗೆ ಹೋಗಬಹುದು. ಏರ್ಪಾಡು ಉತ್ತಮವಾದುದೇ. ಆದರೆ ಅದರ ಫಲವನ್ನು ಗಮನಿಸಿರಿ: ಸಾವಿರಾರು ಮೈಲಿ ಜೊತೆಯಾಗಿ ಬಂದ ಗಂಡಹೆಂಡಿರು ಒಂದು ಸಲವೂ ಒಂದೇ ಆಸನದಲ್ಲಿ ಕೂಡುವಂತಿಲ್ಲ. ಒಬ್ಬರು ಹೋಗುವಾಗ ಇನ್ನೊಬ್ಬರು ಕೈಚೀಲ, ಹಾಲಿನ ಬಾಟಲಿ, ತಳ್ಳುಗಾಡಿಗಳ ಕಾವಲಿಗೆ. ಮಕ್ಕಳಿರುವ ಮನೆಯ ಹತ್ತು ವರ್ಷದ ಸಂಸಾರವೇ ಅಲ್ಲಿ ಒಂದು ದಿನದಲ್ಲಿ ಅಭಿನಯಗೊಂಡಂತೆ ತೋರುತ್ತದೆ.

ಉದ್ಯಾನಗಳ ಒಡೆಯರು ವ್ಯಾಪಾರಿಗಳು. ದಂಪತಿಗಳ ಮನಸ್ಸು ಅವರಿಗೆ ತಿಳಿಯದ ವಿಷಯವಲ್ಲ. 1971ರಲ್ಲಿ ತೆರೆದ ಡಿಸ್ನಿ ವರ್ಲ್ಡಿನ ‘ಮ್ಯಾಜಿಕ್ ಕಿಂಗ್‌ಡಮ್’ನಲ್ಲಿ ಮದ್ಯಕ್ಕೆ ಎಡೆಯಿರಲಿಲ್ಲ, 2012ರಲ್ಲಿ ಒಂದು ಭೋಜನಶಾಲೆಯಲ್ಲಿ ಅದನ್ನು ಕೊಡತೊಡಗಿದರು. ಅಲ್ಲಿಯೇ ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನಲ್ಲಿರುವ ‘ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್’ ಎಂಬ ದುಬಾರಿ ಭೋಜನಶಾಲೆಯವರು 2008ರಲ್ಲಿ ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿದರು. ಮಕ್ಕಳ ಚಕ್ರವರ್ತಿಯ ರಾಜ್ಯದಲ್ಲಿ ಮಕ್ಕಳಿಗೇ ಬಾಗಿಲು ಹಾಕಿದ್ದು ಸೋಜಿಗವೇ ಸರಿ! ದರಗಳ ಮಾತನ್ನು ಆಡದಿರುವುದೇ ಲೇಸು: 1971ರಲ್ಲಿ ದೊಡ್ಡವರಿಗೆ 3 ಡಾಲರ್ 50 ಸೆಂಟ್ ಇದ್ದ ಮ್ಯಾಜಿಕ್ ಕಿಂಗ್‌ಡಮ್ ಪ್ರವೇಶದರ 2015ರಲ್ಲಿ 100 ಡಾಲರುಗಳನ್ನು ದಾಟಿತು. ಹತ್ತು ತುಂಬಿದ ಮಗುವಿಗೂ ದೊಡ್ಡವರ ದರವೇ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಊರಿನಿಂದ ತಂದೆ ತಾಯಿಗಳು ಕೆಲವು ತಿಂಗಳ ಮಟ್ಟಿಗೆ ಹೋಗಿರುವಾಗ ಮಾತ್ರವೇ ಅಲ್ಲಿನ ಗಂಡಹೆಂಡಿರಿಗೆ ಇಬ್ಬರೇ ಹೊರಗೆ ಹೋಗುವ ಅವಕಾಶ. ಆಗ ಅತ್ತೆಯವರು, “ಮಕ್ಕಳನ್ನು ಬಿಟ್ಟು ಅಲ್ಲಿಗೆ ಹೋಗಿ ಏನು ನೋಡುತ್ತೀರಮ್ಮಾ?” ಎಂದು ಕೇಳಿದರೆ ಸೊಸೆ ಏನೆಂದು ಉತ್ತರ ಹೇಳಬೇಕು? ಇಬ್ಬರೂ ಉದ್ಯೋಗದಲ್ಲಿರುವವರು, ಬೆಳಗಾದರೆ ಶಾಲೆ, ಸಂಜೆಯಾದರೆ ಈಜು, ಸಂಗೀತದ ಪಾಠ, ರಾತ್ರಿ ಮಕ್ಕಳು ಮಲಗಿದ ಮೇಲೆ ಉಳಿಯುವ ಮಾತು ನಾಳೆ ಯಾರು ಯಾರನ್ನು ಎಲ್ಲಿಗೆ ಬಿಡಬೇಕೆಂಬುದು. ಹೆಸರು ಹಿಡಿಯಬಾರದೆಂದು ನಮ್ಮ ಹಿಂದಿನ ಹೆಂಗಸರು ಗಂಡನನ್ನು ‘ಮಗೂ ಅಪ್ಪ’ ಎಂದು ಕರೆಯುತ್ತಿದ್ದರು. ಈಗಿನವರು ಹೆಸರು ಹಿಡಿದೇ ಕರೆಯುತ್ತಾರೆ. ಆದರೂ ಆತ ದಿನವಿಡೀ ಮಗುವಿನ ಅಪ್ಪನಾಗಿಯೇ ಉಳಿಯುತ್ತಾನೆ.

ಆದುದರಿಂದ ಹೋಗಬೇಕೆಂದೇ ನನ್ನ ಅಭಿಪ್ರಾಯ. ಅಲ್ಲಿ ಹೋದವರಿಗೆ ಮೊದಲ ಸಂಜೆ ಮಾತೇ ಹೊರಡದೆ ಹೋಗಬಹುದು; ಹೊರಟರೂ ಅದು ಮಕ್ಕಳ ವಿಷಯವೇ ಆಗಬಹುದು. ಅದಕ್ಕೆ ಗಾಬರಿಪಡಬೇಕಾಗಿಲ್ಲ. ಸಾಲಿನಲ್ಲಿ ಒಂದು ಗಂಟೆ ಜೊತೆಯಾಗಿ ನಿಲ್ಲಬೇಕಾದಾಗ ಹಳೆಯ ಮಾತುಗಳು ತಾವಾಗಿ ನೆನಪಿಗೆ ಬರುತ್ತವೆ. ಅಂತಹ ಗಂಟೆ ಮನೆಯಲ್ಲಿ ದೊರೆಯುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಮತ ಇದಕ್ಕೆ ವಿರುದ್ಧ. ಮನೆಯ ಮಗು ಆ ಸ್ಥಳವನ್ನು ಒಮ್ಮೆಯೂ ನೋಡದೆ, ಯಾವಾಗ ಕರೆದೊಯ್ಯುವಿರೆಂದು ಕೇಳುತ್ತಿದ್ದರೆ, ಅದಕ್ಕಿಂತ ಮೊದಲು ತಂದೆ ತಾಯಿಗಳು ನೋಡಿಬರುವುದು ಸರಿಯಲ್ಲ. ಅಂಥವರು ಸಮುದ್ರತೀರಕ್ಕೋ ಬೆಟ್ಟಕ್ಕೋ ಹೋಗಲಿ. ಕೆಲವರು ‘ಕಚೇರಿಯ ಕೆಲಸ’ವೆಂದು ಸುಳ್ಳು ಹೇಳಿ ಹೋಗುವುದುಂಟು. ಇದು ಮತ್ತೂ ಕೆಟ್ಟದ್ದು. ತಾಯಿಯ ಫೋನಿನಲ್ಲಿರುವ ಚಿತ್ರಗಳನ್ನು ಮಗು ಇಂದಲ್ಲ ನಾಳೆ ನೋಡಿಯೇ ನೋಡುತ್ತದೆ. ಅಂದು ಅದಕ್ಕೆ ದುಃಖವಾಗುವುದು ತನ್ನನ್ನು ಬಿಟ್ಟು ಹೋದುದಕ್ಕಲ್ಲ, ತನಗೆ ಸುಳ್ಳು ಹೇಳಿದುದಕ್ಕೆ. ಹೋಗುವ ಊರನ್ನೂ ಬರುವ ದಿನವನ್ನೂ ತಿಳಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಅಜ್ಜಿ ತಾತಂದಿರ ಕಷ್ಟವನ್ನೂ ನೆನೆಯಬೇಕು. ಅವರಿಗೆ ಅಲ್ಲಿ ಕಾರು ನಡೆಸಲು ಬಾರದು; ನೆರೆಯವರ ಮಾತಿನ ಧಾಟಿಯೂ ಹೊಸದು. ಆದ್ದರಿಂದ ಹತ್ತಿರದ ಒಂದು ಪರಿಚಿತ ಕುಟುಂಬಕ್ಕೆ ಮೊದಲೇ ಹೇಳಿಟ್ಟು, ಅಪಾಯದಲ್ಲಿ ಒತ್ತಬೇಕಾದ 911 ಎಂಬ ಅಂಕಿಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ಮಗುವಿಗೆ ಚಿಕಿತ್ಸೆ ಕೊಡಿಸಲು ಅಜ್ಜಿ ತಾತಂದಿರಿಗೆ ಒಪ್ಪಿಗೆ ಇದೆಯೆಂದು ತಂದೆ ತಾಯಿಗಳು ಸಹಿ ಮಾಡಿದ ಪತ್ರವೊಂದನ್ನು ಕೊಟ್ಟು ಹೊರಡುವುದು ವಿವೇಕ. ಎರಡು ರಾತ್ರಿಗಳಿಗಿಂತ ಹೆಚ್ಚು ಆ ಹಿರಿಯರ ಮೇಲೆ ಹೊರೆ ಹೇರುವುದೂ ಬೇಡ.

ಕಾಲವನ್ನು ಆರಿಸಿಕೊಳ್ಳುವುದಾದರೆ ಸೆಪ್ಟೆಂಬರಿನ ನಡುವಿನ ವಾರಗಳು ಒಳ್ಳೆಯವು. ಅಮೆರಿಕದ ಶಾಲೆಗಳು ಆ ವೇಳೆಗೆ ತೆರೆದಿರುವುದರಿಂದ ಸಾಲುಗಳು ತಗ್ಗಿರುತ್ತವೆ, ಮತ್ತೊಬ್ಬರ ಮಗುವನ್ನು ಅಳಿಸಿದ ಅಪವಾದವೂ ಬಾರದು. ಆದರೆ ಫ್ಲಾರಿಡಾದಲ್ಲಿ ಅದು ಚಂಡಮಾರುತದ ಕಾಲ. ಹೊರಡುವ ಮುನ್ನ ಹವಾಮಾನದ ವರದಿಯನ್ನು ನೋಡಿಕೊಳ್ಳಬೇಕು. ಮಧ್ಯಾಹ್ನದ ಮಳೆಗಂತೂ ಕೊಡೆ ಬೇಕೇ ಬೇಕು. ಇಬ್ಬರಿಗೆ ಒಂದಾದರೂ ಸಾಕು.